ಮೊದಲು ಹುಡುಕಿ, ಆಮೇಲೆ ಕೇಳಿ

ಇಬಾದಾನ್ ಊರಿನಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಂದರೆ ಮಾತ್ರ ಬೀದಿಗೆ ಬೀದಿಯೇ ಕೇಕೆ ಹಾಕುತ್ತದೆ. ಲಾಡಿಪೊ ಕೂಡ ಕತ್ತಲೆಗೆ ಹೆದರುವ ಗಂಡಸಲ್ಲ. ಅವನಿಗೆ ತಡೆಯಲಾಗದ ಸಂಕಟ ಜಗತ್ತಿನಲ್ಲಿ ಒಂದೇ: ಒಬ್ಬರು ಕೇಳಿದ ಪ್ರಶ್ನೆಯನ್ನೇ ಇನ್ನೊಬ್ಬರು ಕೇಳುವುದು.

ಹೊಟ್ಟೆಪಾಡಿಗೆ ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಆದರೆ ಅವನ ಜನ್ಮ ಸಾರ್ಥಕವಾದದ್ದು 'ಕತ್ತಲೆ ಗೆದ್ದವರು' ಎಂಬ ಅಂತರ್ಜಾಲ ವೇದಿಕೆಯಲ್ಲಿ. ಜನರೇಟರ್ ಇಟ್ಟುಕೊಂಡ ಸಂಸಾರಿಗಳೆಲ್ಲ ಕೂಡಿ ಕಷ್ಟಸುಖ ಹೇಳಿಕೊಳ್ಳುವ ಆ ತಾಣಕ್ಕೆ ಲಾಡಿಪೊ ಮಾಡರೇಟರ್, ಅಂದರೆ ದ್ವಾರಪಾಲಕ, ದಂಡನಾಯಕ, ಬೇಕಾದರೆ ಯಮಧರ್ಮನೂ ಹೌದು. (ಸಂಬಳವಿಲ್ಲ. ಯಮನಿಗೂ ಇಲ್ಲವಲ್ಲ.) ಯಾರಾದರೂ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳಿದರೆ ಸಾಕು, ಅದಕ್ಕೆ ಬೀಗ ಜಡಿದು ಕೆಳಗೆ ಕೆಂಪಕ್ಷರದಲ್ಲಿ ಬರೆಯುತ್ತಿದ್ದ: "ಈ ವಿಷಯ ಆಗಲೇ ಚರ್ಚೆಯಾಗಿದೆ. ಮೊದಲು ಹುಡುಕಿ, ಆಮೇಲೆ ಕೇಳಿ." ಎದುರು ಮಾತಾಡಿದವರಿಗೆ ಒಂದು ವಾರ ಬಾಯಿಗೂ ಬೀಗ. ಒಬ್ಬ ಮಾಡರೇಟರ್ ಹಾಕಿದ ಬೀಗವನ್ನು ಇನ್ನೊಬ್ಬ ತೆಗೆಯಕೂಡದು ಎಂಬ ನಿಯಮವನ್ನೂ ಅವನೇ ತಂದದ್ದು. ನ್ಯಾಯ ಅಂದಮೇಲೆ ಗಟ್ಟಿಯಾಗಿರಬೇಕು ತಾನೇ?

ಈ ನ್ಯಾಯ ಮನೆಯೊಳಗೂ ನುಗ್ಗಿತ್ತು. ಮಗಳು ಇಫೆ ಕಾಲುಚೀಲ ಎಲ್ಲಿ ಎಂದರೆ, "ಹುಡುಕಿದ್ಯಾ?" ಹೆಂಡತಿ ಮೊರೆನಿಕೆ ಸಂಜೆ ಯಾವಾಗ ಬರ್ತೀರಿ ಎಂದರೆ, "ನಿನ್ನೆ ಕೇಳಿದ್ದೀಯ. ಉತ್ತರ ಅದೇ."

"ಹೌದು ಬಿಡಿ ಬಾಬಾ ಇಫೆ," ಎನ್ನುತ್ತಿದ್ದಳು ಅವಳು. ಮಗಳು ಹುಟ್ಟಿದ ಮೇಲೆ ಊರಿಗೆಲ್ಲ ಅವನು ಬಾಬಾ ಇಫೆ, ಅಂದರೆ ಇಫೆಯ ಅಪ್ಪ. "ನಿಮ್ಮನ್ನ ಮದುವೆಯಾಗೋ ಮುಂಚೆ ನಾನೂ ಒಂದಿಷ್ಟು ಹುಡುಕಬೇಕಿತ್ತು."

ಮೊರೆನಿಕೆಯದು ಮೀನಿನ ವ್ಯಾಪಾರ. ಮನೆಯ ಮುಂಭಾಗದ ಕೋಣೆಯಲ್ಲಿ ಶವಪೆಟ್ಟಿಗೆಯಷ್ಟು ದೊಡ್ಡ ಫ್ರೀಜರ್. ಆ ಗುರುವಾರ ಅದರ ತುಂಬ ಬಾಯಿತನಕ ಬಂಗುಡೆ. ಮರುದಿನ ಬೆಳಿಗ್ಗೆ ಅಲ್ಹಾಜಾ ಸಿಕಿರಾ ಅವರ ಮೊಮ್ಮಗುವಿನ ನಾಮಕರಣ, ಊಟಕ್ಕೆ ಮೀನೆಲ್ಲ ಇವಳದೇ. ಅಲ್ಹಾಜಾ, ಅಂದರೆ ಹಜ್ ಯಾತ್ರೆ ಮುಗಿಸಿ ಬಂದಾಕೆ, ಇಡೀ ಮಾರುಕಟ್ಟೆಯ ಹೆಂಗಸರ ನಾಯಕಿ. ಆಕೆ ಬಾಯಿ ಚಪ್ಪರಿಸಿದರೆ ಊರಿನ ಸಮಾರಂಭಗಳೆಲ್ಲ ಇವಳ ಪಾಲಿಗೆ. ಆಕೆ ಮೂಗು ಮುಚ್ಚಿಕೊಂಡರೆ ಇವಳು ಅಂಗಡಿ ಮುಚ್ಚಿಕೊಳ್ಳಬೇಕು.

ಅಂದು ಸಂಜೆ ಲಾಡಿಪೊ ಶಿಳ್ಳೆ ಹಾಕುತ್ತ ಮನೆಗೆ ಬಂದ. ಕೈ ನೋಯುವಷ್ಟು ಬೀಗ ಜಡಿದ ದಿನ ಅದು. ನೋಡಿದರೆ ಫ್ರೀಜರಿನ ಮೇಲೆ ಮನೆಯಲ್ಲಿದ್ದ ಕಂಬಳಿಯೆಲ್ಲ ಹೊದೆಸಿದೆ. ಹಿತ್ತಲಲ್ಲಿ ಜನರೇಟರಿನ ಮುಂದೆ ಹೆಂಡತಿ ಕೆನ್ನೆಗೆ ಮಸಿ ಬಳಿದುಕೊಂಡು ಕೂತಿದ್ದಾಳೆ.

"ಎಷ್ಟು ಸಲ ಫೋನ್ ಮಾಡ್ಲಿ ನಿಮಗೆ? ಎಲ್ಲಿ ಹಾಳಾಗಿ ಹೋಗಿದ್ರಿ?"

"ಕರ್ತವ್ಯದ ಹೊತ್ತಲ್ಲಿ ಫೋನಿನ ಬಾಯಿ ಮುಚ್ಚಿಸಿರ್ತೀನಿ ಕಣೇ. ಏನಾಯ್ತೀಗ?"

"ಬೆಳಿಗ್ಗೆಯಿಂದ ಕರೆಂಟಿಲ್ಲ. ಇದರ ಹಗ್ಗ ಎಳೆದ್ರೆ ಏಳುತ್ತೆ, ಒಂದು ಗಳಿಗೆ ಗುರುಗುಟ್ಟುತ್ತೆ, ಆಮೇಲೆ ನಿಮ್ಮ ಹಾಗೇ ಮಲಗಿಬಿಡುತ್ತೆ. ಮೆಕ್ಯಾನಿಕ್ ಊರಲ್ಲಿಲ್ಲ. ಮೀನು ಮೆತ್ತಗಾಗ್ತಿದೆ ರೀ!"

ಲಾಡಿಪೊ ನಕ್ಕ. ಬಲ್ಲವರ ನಗು. "ಅಷ್ಟೇನಾ? ಈ ವಾರ ದೇಶಕ್ಕೆ ದೇಶವೇ ಇದನ್ನ ಕೇಳ್ತಾ ಇದೆ."

"ದೇಶ ಕೇಳಿದ್ದಕ್ಕೆ ಉತ್ತರ ಏನು?"

"ಅದೆಲ್ಲ ಇರುತ್ತೆ. ಹುಡುಕಬೇಕು. ಹುಡುಕೋದು ಒಂದು ವಿದ್ಯೆ ಮೊರೆನಿಕೆ, ಎಲ್ಲರಿಗೂ ಒಲಿಯಲ್ಲ."

ಬೋರಲು ಹಾಕಿದ ಬೇಸಿನ್ನಿನ ಮೇಲೆ ಸಿಂಹಾಸನಾರೂಢನಾಗಿ ಅವನು ಫೋನಿನಲ್ಲಿ ಹುಡುಕಿದ. ರಾಶಿ ರಾಶಿ ಸಿಕ್ಕಿತು. ಎಲ್ಲಕ್ಕಿಂತ ಮೇಲೆ ಆ ದಿನ ಬೆಳಗಿನದೇ ಒಂದು, 'ತಣ್ಣನೆ ಮೀನು' ಎಂಬ ಹೆಸರಿನವರದು.

"ಕೇಳಿಲ್ಲಿ, ಯಾವಳೋ ದಡ್ಡಿ. 'ಅಣ್ಣಂದಿರೇ, ಜನರೇಟರ್ ಒಂದು ಗಳಿಗೆ ಓಡಿ ನಿಲ್ಲುತ್ತದೆ. ಫ್ರೀಜರ್ ತುಂಬ ಮೀನಿದೆ. ಮನೆಯವರು ಫೋನ್ ಎತ್ತುತ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ.' ಕಣ್ಣು ಮಿಟುಕಿಸೋದ್ರೊಳಗೆ ಬೀಗ ಹಾಕಿದೆ. ಎದುರು ಮಾತಾಡಿದ್ಲು ನೋಡು, ಒಂದು ವಾರ ಹೊರಗಿಟ್ಟೆ!"

ಮೊರೆನಿಕೆ ಎದ್ದು ನಿಂತು ಸೊಂಟದ ಬಟ್ಟೆಯನ್ನು ಬಿಚ್ಚಿ ಬಿಗಿದು ಕಟ್ಟಿಕೊಂಡಳು. ಈ ಊರಿನ ಹೆಂಗಸು ಹಾಗೆ ಕಟ್ಟಿಕೊಂಡಳೆಂದರೆ ಗಂಡಸರು ಬಾಗಿಲ ಕಡೆ ನೋಡುತ್ತಾರೆ.

"ಆ ದಡ್ಡಿಯ ಮನೆಯವರು ಯಾರು ಅಂತ ಹುಡುಕಿದ್ರಾ?"

ಲಾಡಿಪೊ ಫೋನು ನೋಡಿದ, ಮೀನಿನ ಫ್ರೀಜರ್ ನೋಡಿದ, ಹೆಂಡತಿಯನ್ನು ನೋಡಿದ. "ನೀ... ನೀನು ಹೆಸರು ಹಾಕಬಾರದಿತ್ತಾ?"

"ಹೆಸರು ಹಾಕಿದ್ರೆ ಬಿಡ್ತಿದ್ರಾ?"

ಖಂಡಿತ ಬಿಡುತ್ತಿರಲಿಲ್ಲ. ಆ ಮಟ್ಟಿಗೆ ಅವನು ಪ್ರಾಮಾಣಿಕ.

"ಇರಲಿ, ಇರಲಿ! ನಾನು ಸುಮ್ಮನೆ ಬೀಗ ಹಾಕೋನಲ್ಲ. ಪ್ರತಿ ಬೀಗದ ಜೊತೆ ಹಳೆಯ ಚರ್ಚೆಗೆ ದಾರಿ ತೋರಿಸಿರ್ತೀನಿ," ಎಂದು ಅವನು ತಾನೇ ತೋರಿಸಿದ ದಾರಿ ಹಿಡಿದು ಹೊರಟ. ಅವಳ ಪ್ರಶ್ನೆಯಿಂದ ನಿನ್ನೆಯವನ ಪ್ರಶ್ನೆಗೆ ಹೋದ. ಅಲ್ಲೂ ಬೀಗ. ಅಲ್ಲಿಂದ ಮೊನ್ನೆಯವನದಕ್ಕೆ. ಅಲ್ಲೂ ಅದೇ ಕೆಂಪಕ್ಷರ. ಉತ್ತರ ಹೇಳಲು ಯಾರಿಗೂ ಸಮಯವೇ ಸಿಕ್ಕಿರಲಿಲ್ಲ; ಅಷ್ಟು ಚುರುಕಾಗಿತ್ತು ಅವನ ಕೈ. ಕೊನೆಗೆ ದಾರಿ ಮುಗಿದದ್ದು ಒಂದು ಲೇಖನದ ಬಾಗಿಲಲ್ಲಿ. 'ಪೆಟ್ರೋಲ್ ಆವಿಯಾಗದಂತೆ ಕಾಯುವ ದಿವ್ಯೋಪಾಯ', ಲೇಖಕ ಲಾಡಿಪೊ. ಕಳೆದ ಭಾನುವಾರ ಅವನೇ ಬರೆದು, ವೇದಿಕೆಯ ಹಣೆಗೆ ಮೊಳೆ ಹೊಡೆದು ನಿಲ್ಲಿಸಿದ್ದು. ಮೊದಲಿನಿಂದ ಕೊನೆಯವರೆಗೆ ಓದಿದ. ಸೊಗಸಾಗಿತ್ತು.

"ಇದರಲ್ಲಿ ಏನೂ ತಪ್ಪಿಲ್ಲ," ಎಂದು ಘೋಷಿಸಿದ.

"ಪೆಟ್ರೋಲಾದ್ರೂ ಇದೆಯಾ ಇದರಲ್ಲಿ?" ಎಂದು ಮೊರೆನಿಕೆ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಅದು ಸುಲಭವಾಗಿ ಬರಲಿಲ್ಲ. ಬಲವಾಗಿ ತಿರುಚಿದಾಗ ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಚೀಲದ ತುಂಡು, ಎರಡು ಪದರ, ಅಚ್ಚುಕಟ್ಟಾಗಿ.

"ಏನಿದು?"

"ಅದೇ ದಿವ್ಯೋಪಾಯ. ಮುಚ್ಚಳದಲ್ಲಿ ಒಂದು ಸಣ್ಣ ತೂತಿದೆ ನೋಡು, ಅದರಿಂದ ಪೆಟ್ರೋಲೆಲ್ಲ ಆವಿಯಾಗಿ..."

"ರೀ, ಅಂಗಡಿಯಿಂದ ತಂದ ತಗಡಿನ ಹಾಲಿನ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಹಾಲು ಸುರಿಯುತ್ತಾ?"

"ಇಲ್ಲ. ಎರಡು ಬೇಕು. ಗಾಳಿ ಒಳಗೆ ಹೋಗದೆ ಹಾಲು ಹೊರಗೆ ಹೇಗೆ..." ಲಾಡಿಪೊನ ಮಾತು ಅರ್ಧದಲ್ಲೇ ನಿಂತಿತು, ಥೇಟ್ ಅವನ ಜನರೇಟರಿನಂತೆ.

ಅವಳು ಪ್ಲಾಸ್ಟಿಕ್ ಕಿತ್ತೆಸೆದು ಮುಚ್ಚಳ ಹಾಕಿ ಹಗ್ಗ ಎಳೆದಳು. ಜನರೇಟರ್ ಎದ್ದಿತು, ಗುರುಗುಟ್ಟಿತು, ಮತ್ತೆ ಮಲಗಲಿಲ್ಲ. ಒಳಗೆ ಫ್ರೀಜರ್ ಗೊಣಗತೊಡಗಿತು. ಕಂಬಳಿಗಳ ಪುಣ್ಯ, ಕೆಳಗಿನ ಮೀನೆಲ್ಲ ಇನ್ನೂ ಕಲ್ಲಿನಂತಿತ್ತು. ಮೇಲಿನ ಪದರ ಮಾತ್ರ ಮೆತ್ತಗಾಗಿತ್ತು. ಅದನ್ನು ಈಗಲೇ ಸೀಳಿ, ಉಪ್ಪು ಖಾರ ಹಚ್ಚಿ ಹೊಗೆಯ ಮೇಲೆ ಇಟ್ಟರೆ ಅಲ್ಹಾಜಾ ಇನ್ನೂ ಖುಷಿಪಡುವರು.

"ಹಾಗಾದ್ರೆ ಈ ವಾರ ಕೇಳಿದವರೆಲ್ಲ..." ಎಂದಳು ಮೊರೆನಿಕೆ.

"ನನ್ನ ಲೇಖನ ಓದಿದವರು," ಎಂದ ಲಾಡಿಪೊ, ಕೇಳಿಸದಷ್ಟು ಮೆಲ್ಲಗೆ.

"ತಾನೂ ಕೆಟ್ಟು ವನವೆಲ್ಲ ಕೆಡಿಸಿತಂತೆ ಕೋತಿ. ಅಷ್ಟೂ ಜನ ಒಂದೇ ಮಾತು ಹೇಳ್ತಿದ್ರೆ, ಯಾಕೆ ಹೇಳ್ತಿದ್ದಾರೆ ಅಂತ ಒಂದ್ಸಲ ಅನ್ನಿಸಲಿಲ್ವಾ ನಿಮಗೆ?"

ಲಾಡಿಪೊಗೆ ನಿಜವಾಗಿಯೂ ನಾಚಿಕೆಯಾಯಿತು. ದೇಶದ ಅಷ್ಟೂ ಜನರೇಟರುಗಳ ಮೂಗು ಹಿಸುಕಿ, ಕೂಗಿದವರ ಬಾಯಿಗೂ ಬೀಗ ಹಾಕಿದ ಮಹಾನುಭಾವ ತಾನು. ಆದರೆ ಗಂಡಸು, ಎದೆಗುಂದಲಿಲ್ಲ. ಆ ಕ್ಷಣವೇ ಹೊಸ ಚರ್ಚೆ ತೆರೆದು ದಪ್ಪಕ್ಷರದಲ್ಲಿ ಬರೆದ: "ಎಲ್ಲರೂ ಮುಚ್ಚಳದ ಪ್ಲಾಸ್ಟಿಕ್ ತಕ್ಷಣ ತೆಗೆಯಿರಿ. ತಪ್ಪು ನನ್ನದು."

ಕಣ್ಣು ಮಿಟುಕಿಸುವುದರೊಳಗೆ ಅದಕ್ಕೆ ಬೀಗ ಬಿತ್ತು. ಹಾಕಿದವನು 'ಶಿಸ್ತಿನ ಸಿಪಾಯಿ', ಲಾಡಿಪೊ ತಾನೇ ಕೈಹಿಡಿದು ತಿದ್ದಿ ತಯಾರು ಮಾಡಿದ ಕಿರಿಯ ಮಾಡರೇಟರ್. ಕೆಳಗೆ ಕೆಂಪಕ್ಷರ: "ಮುಚ್ಚಳದ ವಿಷಯ ಆಗಲೇ ಚರ್ಚೆಯಾಗಿದೆ. ಮಾನ್ಯ ಲಾಡಿಪೊ ಅವರ ಲೇಖನ ನೋಡಿ. ಮೊದಲು ಹುಡುಕಿ, ಆಮೇಲೆ ಕೇಳಿ."

"ನಾನೇ ಕಣಯ್ಯಾ ಲಾಡಿಪೊ!" ಎಂದು ಇವನು ಬರೆದ.

"ನಿಯಮ ಎಲ್ಲರಿಗೂ ಒಂದೇ ಎಂದು ಕಲಿಸಿದವರು ತಾವೇ ಗುರುಗಳೇ. ಎದುರು ಮಾತಿಗೆ ಒಂದು ವಾರ."

ವೇದಿಕೆಯ ಬಾಗಿಲು ಮುಚ್ಚಿತು. ಮಾನ್ಯ ಲಾಡಿಪೊ ಅವರು ಹೊರಗೆ.

ಮೊರೆನಿಕೆ ಅವನ ಹೆಗಲ ಮೇಲಿಂದ ಇಣುಕಿ ಓದಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಮಸಿಯ ಕೆನ್ನೆಯ ಮೇಲೆ ನೀರಿಳಿಯುವವರೆಗೆ. "ನಂಗೂ ಒಂದು ವಾರ, ನಿಮಗೂ ಒಂದು ವಾರ. ಒಳ್ಳೇ ಜೋಡಿ. ಬನ್ನಿ ಬಾಬಾ ಇಫೆ, ಮೀನು ಸೀಳೋಣ."

ಲಾಡಿಪೊ ಅಂಗಿಯ ತೋಳು ಮಡಚಿ ಬೋಗುಣಿಯ ಮುಂದೆ ಕೂತ. ಚಾಕು ಎಲ್ಲಿದೆ ಎಂದು ಕೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿದ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಎದ್ದು ಹೋಗಿ, ಅಡುಗೆಮನೆಯ ಒಂದೊಂದೇ ಡಬ್ಬ ಸರಿಸಿ ಹುಡುಕತೊಡಗಿದ.