ಎರಡನೇ ನಂಬರಿನ ಹಲಗೆ

ಬೆಳಿಗ್ಗೆ ಆರೂವರೆಗೆ, ಚಾಪೆಯ ಅಡಿಯಲ್ಲಿ ಉಬ್ಬಿ ನಿಂತಿದ್ದ ಹಲಗೆಗೆ ಅವಳ ಬಲಗಾಲಿನ ಕಿರುಬೆರಳು ತಾಗಿತು. ಕೈಯಲ್ಲಿದ್ದ ಚಹಾ ಮೊದಲು ಗೋಡೆಗೆ ಹಾರಿ, ಅಲ್ಲಿಂದ ಗಂಡನ ಇಸ್ತ್ರಿಯಾದ ಅಂಗಿಯ ಮೇಲಿಳಿದು, ಉಳಿದದ್ದು ನೆಲ ಸೇರಿತು. ಗಂಡ ಪೇಪರಿನಿಂದ ತಲೆ ಎತ್ತದೆಯೇ, "ನೋಡ್ಕೊಂಡು ನಡಿಬಾರ್ದೇನೇ" ಅಂದ.

ಅವಳು ಬಗ್ಗಿ, ಕೋಣೆಯಗಲದ ಆ ಚಾಪೆಯನ್ನು ಹೆಣ ಸುತ್ತಿದ ಹಾಗೆ ಸುತ್ತಿ, ದರದರ ಎಳೆದುಕೊಂಡು ಹೋಗಿ ಮೆಟ್ಟಿಲ ಮೇಲಿಂದ ಕೆಳಕ್ಕೆ ತಳ್ಳಿದಳು. ಅದು ಒಂದೊಂದೇ ಮೆಟ್ಟಿಲು ಉರುಳಿ ಕೆಳಮನೆಯ ಬಾಗಿಲ ಬಳಿ ಧೊಪ್ಪೆಂದು ಬಿದ್ದ ಸದ್ದು ಕೇಳಿದ ಮೇಲೆ ಬೆರಳಿನ ನೋವು ತುಸು ಇಳಿದಂತೆನಿಸಿತು.

"ಇವತ್ತು ಹೊಸ ನೆಲ ಆರಿಸಿಬಿಡ್ತೀನಿ" ಎಂದಳು ಒಳಗೆ ಬಂದು. "ನಾನೇ ಆರಿಸೋದು. ಯಾರೂ ಮಧ್ಯೆ ಬಾಯಿ ಹಾಕಬಾರ್ದು."

"ನಾನೆಲ್ಲಿ ಬಾಯಿ ಹಾಕ್ದೆ?" ಅಂದ ಗಂಡ, ಕಲೆಯಾದ ಅಂಗಿಯನ್ನು ಎತ್ತಿ ಹಿಡಿದು.

ಬಾಯಿ ಹಾಕಿರಲಿಲ್ಲ, ನಿಜ. ಬಾಯಿ ಬಿಡದೆಯೇ ಕೆಲಸ ಮುಗಿಸಿದ್ದ. ಮೂರು ವರ್ಷದ ಹಿಂದೆ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅವಳು ತವರಿಗೆ ಹೋಗಿದ್ದ ಎಂಟು ದಿನಗಳಲ್ಲಿ, ಅವಳಿಗೆ ಸಂತೋಷವಾಗಲೆಂದು ಹಾಲ್‌ಗೆಲ್ಲ ಮರದ ಹಲಗೆಯ ನೆಲ ಹಾಕಿಸಿಬಿಟ್ಟಿದ್ದ. ಮರ ಎಂದರೆ ಮರವೂ ಅಲ್ಲ, ಮರದ ಹೊಟ್ಟನ್ನು ಒತ್ತಿ ಮೇಲೊಂದು ಕಾಗದ ಅಂಟಿಸಿದ್ದು. ಕಡಲಿನಿಂದ ಮುನ್ನೂರು ಹೆಜ್ಜೆಯ ಮನೆ ಅದು. ಉಪ್ಪಿನ ಡಬ್ಬಿ ತೆರೆದಿಟ್ಟರೆ ಸಂಜೆಗೆ ನೀರಾಗುತ್ತದೆ, ಬೆಂಕಿಪೆಟ್ಟಿಗೆ ಗೀರಿದರೆ ಕಡ್ಡಿ ಹೊತ್ತುವ ಮೊದಲು ಗೀರುವವರ ತಲೆ ಹೊತ್ತಿಕೊಳ್ಳುತ್ತದೆ. ಅಂಥ ಮನೆಗೆ ಹೊಟ್ಟಿನ ಹಲಗೆ. ತವರಿನಿಂದ ಬಂದ ರಾತ್ರಿ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದವಳು ಮಾರನೇ ದಿನವೇ ಪೇಟೆಗೆ ಹೋಗಿ, ನಾಲ್ಕು ಅಂಗಡಿ ಸುತ್ತಿ, ನೀಲಿ ಅಂಚಿನ ದೊಡ್ಡ ಚಾಪೆ ತಂದು ಆ ನೆಲವನ್ನು ಮುಚ್ಚಿಬಿಟ್ಟಳು. ನೆಲ ಯಾವ ಬಣ್ಣದ್ದೆಂದು ಸರಿಯಾಗಿ ನೋಡಿರಲೂ ಇಲ್ಲ. ಸಿಟ್ಟು ಬಂದ ಕಣ್ಣಿಗೆ ಬಣ್ಣ ಕಾಣುವುದಿಲ್ಲ. ಮಳೆಗಾಲ ಬಂತು, ಹಲಗೆಗಳು ಹೊಟ್ಟೆ ಉಬ್ಬರಿಸಿಕೊಂಡವು, ಬಣ್ಣವೇ ಗುರುತು ಸಿಗದಷ್ಟು ಕಪ್ಪಿಟ್ಟವು. ಮೂರು ವರ್ಷ ಆ ನೆಲಕ್ಕೆ ಅವಳು ಬೈದ ಬೈಗಳನ್ನು ಒಟ್ಟು ಹಾಕಿದರೆ ಇನ್ನೊಂದು ಮನೆಗೆ ಹಾಸುವಷ್ಟಾಗುತ್ತಿತ್ತು.

ಬೇರೆಯವರಿಗೆ ಬಣ್ಣ ಹೊಂದಿಸಿಕೊಡುವುದೇ ಅವಳ ಕಸುಬು. ಹರಿದದ್ದನ್ನು ಹೊಲಿಯುವುದು, ಬಿಗಿಯಾದದ್ದನ್ನು ಬಿಡಿಸುವುದು. ಊರಿಗೆಲ್ಲ ಅವಳು ಟೈಲರಮ್ಮ. ಬಟ್ಟೆಯ ಚೂರು ತೋರಿಸಿದರೆ ಸಾಕು, ಇನ್ನೂರು ನೂಲಿನುಂಡೆಗಳ ನಡುವೆ ಕೈ ನೇರವಾಗಿ ಅದರ ಜೋಡಿಯ ಮೇಲೆ ಹೋಗುತ್ತಿತ್ತು. ಹೊಲಿಗೆ ಹಾಕಿದ್ದೆಲ್ಲಿ ಎಂದು ಹಾಕಿಸಿಕೊಂಡವರೇ ಹುಡುಕಬೇಕು. ಅಂಥವಳ ಸ್ವಂತ ಮನೆಯಲ್ಲಿ ಗೋಡೆಯ ಬಣ್ಣ ಮಾವನದು, ಪರದೆ ಅತ್ತೆಯದು, ಮಂಚ ಗಂಡನದು, ಹಾಲ್‌ನಲ್ಲಿ ಆನೆಯಂತೆ ನಿಂತ ಎತ್ತರದ ಕಾಲಿನ ಬೀರು ಗಂಡನ ಅಕ್ಕನದು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ, ಈ ಮನೆಯಲ್ಲಿ ಒಂದೇ ಒಂದನ್ನಾದರೂ ತೋರಿಸಿ ಇದು ನನ್ನದು, ನಾನು ಆರಿಸಿದ್ದು ಎನ್ನಬೇಕು ಎಂದು ಅವಳಿಗೆ ಆಸೆ. ಆಸೆ ಎಂದರೆ ಮೆದುವಾಯಿತು. ಹಟ.

ಹಿಂದಿನ ದಿನವೇ ಅಂಗಡಿಯಿಂದ ತಂದಿಟ್ಟಿದ್ದ ಐದು ಮಾದರಿಗಳನ್ನು ಹಾಲ್‌ನ ನೆಲದಲ್ಲಿ ಸಾಲಾಗಿ ಜೋಡಿಸಿದಳು. ಐದೂ ವಿನೈಲ್ ಹಲಗೆ, ನೀರು ಕುಡಿಯದ ಜಾತಿಯವು. ಎರಡನೆಯದನ್ನು ನೋಡಿದ ಕೂಡಲೇ ಮನಸ್ಸು ಅಲ್ಲೇ ಕುಳಿತಿತು. ಅಲೆ ಹಿಂದಕ್ಕೆ ಹೋದ ಮೇಲೆ ಒದ್ದೆ ಮರಳಿಗೆ ಬರುವ ಬಣ್ಣ, ನಡುನಡುವೆ ಜೇನಿನ ಎಳೆ. ಆದರೂ ಐದನೆಯ ತಿಳಿಬೂದಿಯ ಕಡೆಗೊಮ್ಮೆ ಕಣ್ಣು ಹೋಯಿತು. ಹನ್ನೆರಡರೊಳಗೆ ಅಂಗಡಿಗೆ ಫೋನ್ ಮಾಡಿ ನಂಬರ್ ಹೇಳಬೇಕು. ಕಂಪನಿಯ ಲಾರಿ ತಿಂಗಳಿಗೊಮ್ಮೆ ಬರುವುದು, ಒಮ್ಮೆ ಹೇಳಿದರೆ ಬದಲಾಯಿಸುವ ಮಾತಿಲ್ಲ.

ಒಂಬತ್ತಕ್ಕೆ ಮೇಲ್ಮನೆಯ ನಿವೃತ್ತ ಇಂಜಿನಿಯರು ಬಂದರು. ಕರೆದವರು ಯಾರೂ ಇಲ್ಲ. ಚಾಪೆ ಉರುಳಿದ ಸದ್ದೇ ಅವರಿಗೆ ಆಹ್ವಾನ ಪತ್ರಿಕೆ. ಮಾದರಿಯ ಒಡಲು ಕಲ್ಲುಪುಡಿಯದೋ ಬರೀ ಪ್ಲಾಸ್ಟಿಕ್ಕಿನದೋ, ಮೇಲ್ಪದರ ಎಷ್ಟು ದಪ್ಪ, ಗೋಡೆಯ ಬಳಿ ಎಷ್ಟು ಸಂದು ಬಿಡಬೇಕು ಎಂದು ಅರ್ಧ ಗಂಟೆ ಪಾಠವಾಯಿತು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಎರಡನೇ ನಂಬರನ್ನು ಗೀರಿದರು. ಗೆರೆ ಬೀಳಲಿಲ್ಲ. ಇನ್ನೂ ಒತ್ತಿ ಗೀರಿದರು. ಬೀಗದ ಕೈಯೇ ಡೊಂಕಾಯಿತು. ಅದನ್ನು ಅವಳೇ ಬಗ್ಗಿಸಿದ್ದೇನೋ ಎನ್ನುವಂತೆ ಅವಳನ್ನು ನೋಡಿದರು.

"ಹಲಗೆ ಗಟ್ಟಿ ಇದೆ" ಎಂದರು ಕೊನೆಗೆ, ಬೇಸರದಿಂದ. "ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ಹಳೇ ನೆಲ ಹಾಳಾಗಿದ್ದು ಕಡಲ ಗಾಳಿಗಲ್ಲ. ನಿನ್ನ ಚಾಪೆಗೆ. ಅಡಿಯಲ್ಲಿ ಗಾಳಿ ಆಡಲಿಲ್ಲ, ತೇವ ಕೂತ್ಕೊಳ್ತು. ಹಾಗೇ ಬಿಟ್ಟಿದ್ರೆ ಇಷ್ಟು ಹಾಳಾಗ್ತಿರಲಿಲ್ಲ."

ಅವಳಿಗೆ ಕಿವಿಯ ತುದಿ ಬಿಸಿಯಾಯಿತು. "ಸರ್, ನಿಮ್ಮ ಬಾಗಿಲಿಗೆ ಈ ಕೈ ಇನ್ನು ಹೋಗುತ್ತಾ ನೋಡ್ಕೊಳ್ಳಿ" ಎಂದಳು. ಅವರು ಗಾಬರಿಯಾಗಿ ಮೆಟ್ಟಿಲು ಹತ್ತಿದರು. ಬಾಗಿಲು ತೆರೆಯಲಿಲ್ಲವೆಂದು ತಿರುಗಿ ಬಂದು, ಬೀಗದವನು ಬರುವ ತನಕ ಅವಳ ಹಾಲ್‌ನಲ್ಲೇ ಕುಳಿತರು.

ಅಷ್ಟರಲ್ಲಿ ಎದುರುಮನೆಯ ಟೀಚರ್ ಬಂದಳು. ಅವಳ ಪ್ರಕಾರ ನಾಲ್ಕನೆಯ ಕಡುಗಂದು ಒಂದೇ ಸರಿ, ಕೊಳೆ ಕಾಣುವುದಿಲ್ಲ. ಕೊಳೆ ಕಾಣದಿದ್ದರೆ ಗುಡಿಸುವುದು ಹೇಗೆ ಎಂದು ಟೈಲರಮ್ಮ ಕೇಳಿದ್ದಕ್ಕೆ ಟೀಚರ್, ಕಾಣದಿದ್ದರೆ ಗುಡಿಸುವುದು ಯಾಕೆ ಎಂದಳು. ವಾದ ಬಗೆಹರಿಯಲಿಲ್ಲ. ಟೀಚರ್ ಐದೂ ಮಾದರಿಗಳ ಫೋಟೊ ತೆಗೆದು ಕಟ್ಟಡದವರ ಫೋನ್ ಗುಂಪಿಗೆ ಹಾಕಿ ಮತದಾನವನ್ನೇ ನಡೆಸಿಬಿಟ್ಟಳು. ಹತ್ತೂವರೆಗೆ ಫಲಿತಾಂಶ. ನಾಲ್ಕನೆಯದಕ್ಕೆ ಹನ್ನೊಂದು, ಮೂರನೆಯದಕ್ಕೆ ಆರು, ಎರಡನೆಯದಕ್ಕೆ ಒಂದು.

"ಜನ ಹೇಳ್ಬಿಟ್ಟಿದ್ದಾರೆ ಟೈಲರಮ್ಮ" ಎಂದಳು ಟೀಚರ್.

"ಜನ ಬಂದು ಒರೆಸ್ತಾರಾ?"

"ಹಾಗಲ್ಲ, ನಾಳೆ ನಿಮ್ಮನೆಗೆ ಬರೋರು ನಾವೇ ಅಲ್ವಾ."

"ಬರೋವಾಗ ಕಣ್ಣು ಮುಚ್ಕೊಂಡು ಬನ್ನಿ" ಎಂದು ಅವಳು ಬಾಗಿಲು ತೋರಿಸಿದಳು. ಟೀಚರ್ ಮುಖ ಊದಿಸಿಕೊಂಡು ಹೋದಳು. ಎರಡನೆಯದಕ್ಕೆ ಬಿದ್ದ ಆ ಒಂದು ಮತ ಯಾರದು ಎಂದು ಮಾತ್ರ ಅವಳಿಗೆ ಕುತೂಹಲ ಉಳಿಯಿತು. ಅವಳಂತೂ ಹಾಕಿರಲಿಲ್ಲ. ಬೆಳಿಗ್ಗೆಯಿಂದ ಅಂಗಿಯ ಕಲೆ ತೊಳೆಯುತ್ತಿದ್ದ ಗಂಡ ಬಚ್ಚಲಿನಿಂದಲೇ, "ಅದು ನಂದು" ಎಂದ. ಯಾಕೆ ಎಂದು ಕೇಳಿದರೆ, "ಎಲ್ಲೋ ನೋಡಿದ ಹಾಗಿತ್ತು, ಅದಕ್ಕೇ ಒತ್ತಿದೆ" ಎಂದ. ಹೆಂಡತಿಯ ಮನಸ್ಸು ಬಲ್ಲವನೆಂದು ಒಂದು ಗಳಿಗೆ ಕರಗಿದ್ದವಳು ಮತ್ತೆ ಗಟ್ಟಿಯಾದಳು.

ಹನ್ನೊಂದೂಮುಕ್ಕಾಲಿಗೆ ಅತ್ತಿಗೆ ಬಂದರು. ಗಂಡನ ಅಕ್ಕ, ಇರುವುದು ಕೆಳಮನೆಯಲ್ಲಿ, ಬರುವುದು ಯಾವಾಗಲೂ ಊಟದ ಹೊತ್ತಿಗೆ. ಸೊಂಟದ ಮೇಲೆ ಕೈಯಿಟ್ಟು ಐದನ್ನೂ ನೋಡಿದರು. ನಾನೇನೂ ಹೇಳುವುದಿಲ್ಲ ಎಂದು ಎರಡು ಸಲ ಹೇಳಿದರು. ಅವರು ಹಾಗೆಂದರೆ ಮೂರನೇ ಸಲಕ್ಕೆ ಹೇಳುತ್ತಾರೆಂದು ಅವಳು ಬಲ್ಲಳು.

"ಯಾವುದು ಬೇಕಾದ್ರೂ ಹಾಕ್ಸು. ಆ ಎರಡನೇದು ಮಾತ್ರ ಬೇಡ. ನಿನಗೆ ಹಿಡಿಸಲ್ಲ."

ಇಪ್ಪತ್ತೆರಡು ವರ್ಷಗಳ ಪರದೆ, ಮಂಚ, ಗೋಡೆ, ಬೀರು ಎಲ್ಲ ಒಟ್ಟಿಗೆ ಅವಳ ಕಣ್ಣೆದುರು ಬಂದು ನಿಂತವು. ನನಗೇನು ಹಿಡಿಸುತ್ತದೆಂದು ನನಗಿಂತ ಮೊದಲು ಈ ಮನೆಯವರಿಗೆಲ್ಲ ಗೊತ್ತಾಗುವುದು ಹೇಗೆ? ಕೇಳಿದರೆ ಅಳು ಬರುತ್ತಿತ್ತು, ಅತ್ತರೆ ಗೆಲ್ಲುವುದು ಅವರು. ಅತ್ತಿಗೆಯ ಮುಖ ನೋಡುತ್ತಲೇ ಫೋನ್ ಎತ್ತಿ ಅಂಗಡಿಯವನಿಗೆ, "ಎರಡನೇ ನಂಬರ್. ಹಾಲ್, ಎರಡು ಕೋಣೆ, ಪೂರ್ತಿ. ಬರ್ಕೊಂಡ್ರಾ?" ಎಂದಳು. ಐದನೆಯ ತಿಳಿಬೂದಿ ಅಲ್ಲಿಗೆ ಮಣ್ಣು ಮುಕ್ಕಿತು.

"ನಿನ್ನಿಷ್ಟ ಕಣಮ್ಮ" ಎಂದು ಅತ್ತಿಗೆ ಊಟಕ್ಕೆ ಕುಳಿತರು. ಇಂಜಿನಿಯರೂ ಕುಳಿತರು. ಬೀಗದವನು ಇನ್ನೂ ಬಂದಿರಲಿಲ್ಲ.

ನಾಲ್ಕಕ್ಕೆ ನೆಲ ಹಾಕುವ ಮೇಸ್ತ್ರಿ ಅಳತೆಗೆ ಬಂದ. ಕಿವಿಯಲ್ಲಿ ಪೆನ್ಸಿಲ್, ಕೈಯಲ್ಲಿ ಟೇಪು. ಕೆಲಸ ಬಲ್ಲವನು. ಉಬ್ಬಿದ ಹಲಗೆಯೊಂದನ್ನು ಎಬ್ಬಿಸಿ ಅಡಿಯ ಸಿಮೆಂಟಿಗೆ ಅಂಗೈಯಿಟ್ಟು ನೋಡಿದ. ಹಳೆಯದನ್ನೆಲ್ಲ ಕಿತ್ತು ನೆಲ ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು, ಹೊಸದರೊಳಗೆ ಮೇಲಿನ ನೀರು ಇಳಿಯುವುದಿಲ್ಲ, ಅಡಿಯ ನೀರು ಏಳುವುದೂ ಇಲ್ಲ ಎಂದ. ಬೀರುವಿನ ತನಕ ಅಳೆದು ನಿಂತ.

"ಬೀರು ಇದ್ದಲ್ಲೇ ಇರ್ಲಿ" ಎಂದ ಗಂಡ. "ಅದರ ಸುತ್ತ ಹಾಕಿದ್ರಾಯ್ತು. ಹಿಂದಿನ ಸಲ ನೆಲ ಹಾಕಿದ ದಿನ ಇಟ್ಟಿದ್ದು, ಒಂದು ಸಲಾನೂ ಜರುಗ್ಸಿಲ್ಲ. ಅಡಿಯಲ್ಲಿ ಯಾರು ನೋಡ್ತಾರೆ?"

"ನಾನು ನೋಡ್ತೀನಿ" ಎಂದಳು. "ಬೀರುವಿನ ಅಡಿಯಲ್ಲೂ ನನ್ನ ನೆಲವೇ ಇರಬೇಕು. ಜರುಗ್ಸಿ."

ಗಂಡ, ಮೇಸ್ತ್ರಿ, ಇಂಜಿನಿಯರು ಮೂವರೂ ಹೆಗಲು ಕೊಟ್ಟರು. ಅತ್ತಿಗೆ ಬಾಯಿ ಕೊಟ್ಟರು. ಬೀರು ನರಳುತ್ತ ನಾಲ್ಕಡಿ ಸರಿಯಿತು. ಅದರ ಜಾಗದಲ್ಲಿ ಮೂರು ವರ್ಷದ ಧೂಳು. ಅವಳೇ ಒದ್ದೆ ಬಟ್ಟೆ ತಂದು ಮಂಡಿಯೂರಿ ಒರೆಸಿದಳು.

ಒರೆಸಿದ ಕೈ ಅಲ್ಲೇ ನಿಂತಿತು.

ಚಾಪೆ ಮುಟ್ಟದ, ಗಾಳಿ ಆಡುತ್ತಿದ್ದ, ಬಿಸಿಲು ಕಾಣದ ಆ ಐದಾರು ಹಲಗೆಗಳು ಅಂಗಡಿಯಿಂದ ಈಗ ಬಂದಂತಿದ್ದವು. ಅಲೆ ಹಿಂದಕ್ಕೆ ಹೋದ ಮೇಲೆ ಒದ್ದೆ ಮರಳಿಗೆ ಬರುವ ಬಣ್ಣ. ನಡುನಡುವೆ ಜೇನಿನ ಎಳೆ. ಅವಳು ಎರಡನೇ ನಂಬರಿನ ಮಾದರಿಯನ್ನು ತಂದು ಪಕ್ಕಕ್ಕಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ತಿಳಿ, ಸ್ವಲ್ಪ ಕಡು, ಬೆಳಕಿನ ವ್ಯತ್ಯಾಸ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಇನ್ನೂರು ನೂಲಿನುಂಡೆಗಳಲ್ಲಿ ಜೋಡಿ ಹುಡುಕುವ ಕಣ್ಣಿಗೆ ಆ ಅನುಕೂಲವಿರಲಿಲ್ಲ. ಮಾದರಿ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಅವಳೇ ಬೆರಳಾಡಿಸಿ ಹುಡುಕಬೇಕಾಯಿತು.

"ಹೇಳ್ಲಿಲ್ವಾ, ಎಲ್ಲೋ ನೋಡಿದ ಹಾಗಿದೆ ಅಂತ" ಎಂದ ಗಂಡ.

ಅವಳು ಅವನತ್ತ ತಿರುಗಿದಳು. ಮೂರು ವರ್ಷದ ಬೈಗಳ ಮೇಲೆ ಕಟ್ಟಕಡೆಯದೊಂದನ್ನು ಇಡಲು ಬಾಯಿ ತೆರೆದಳು. ಏನೆಂದು ಬೈಯುವುದು? ನನಗೆ ಇಷ್ಟವಾಗುವುದನ್ನೇ ಯಾಕೆ ಆರಿಸಿದಿರಿ ಎಂದೇ? ಕೊನೆಗೆ, "ನಿಮಗೆ ಇಷ್ಟು ಚೆನ್ನಾಗಿ ಆರಿಸೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ" ಎಂದಳು. ಹಲ್ಲು ಕಚ್ಚಿ ಆಡಿದ್ದಾದರೂ ಅದು ಹೊಗಳಿಕೆಯೇ.

"ನಾನೆಲ್ಲಿ ಆರಿಸ್ದೆ?" ಎಂದ ಅವನು, ನಿಜವಾಗಿ ಆಶ್ಚರ್ಯಪಟ್ಟು. "ನಂಗೆ ಬಣ್ಣ ಎಲ್ಲಿ ತಿಳಿಯುತ್ತೆ. ಅಕ್ಕ ಆರಿಸಿದ್ದು."

ಅತ್ತಿಗೆ ಬೀರುವಿಗೆ ಒರಗಿ ನಿಂತಿದ್ದರು. ಅವರ ಮುಖದಲ್ಲಿ ಗೆಲುವಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅದಕ್ಕೇ ಹೇಳಿದ್ದು ನಾನು" ಎಂದರು. "ಮೂರು ವರ್ಷ ಈ ನೆಲಕ್ಕೆ ಬೈದಿದ್ದೀಯ. ಕೆಳಗೆ ನಮ್ಮನೆಗೆ ಕೇಳ್ಸುತ್ತೆ. ಮತ್ತೆ ಅದೇ ಬಣ್ಣ ಯಾಕೆ ಅಂತ ಬೇಡ ಅಂದೆ. ನೀನು ಫೋನ್ ಎತ್ಬಿಟ್ಟೆ."

ಅವಳು ಅಂಗಡಿಗೆ ಫೋನ್ ಮಾಡಿದಳು. ಲಾರಿಗೆ ಪಟ್ಟಿ ಹೋಗಿಯಾಗಿತ್ತು. ಮೇಸ್ತ್ರಿಗೆ ಇದ್ಯಾವುದೂ ಅರ್ಥವಾಗಿರಲಿಲ್ಲ. ಗಿರಾಕಿಯ ಮುಖ ಬಾಡಿದ್ದು ನೋಡಿ ಧೈರ್ಯ ಹೇಳಿದ.

"ಯೋಚ್ನೆ ಮಾಡ್ಬೇಡಿ ಅಮ್ಮ. ಹಳೇದು ಮೂರೇ ವರ್ಷಕ್ಕೆ ಹೋಯ್ತು. ಇದು ಹಾಗಲ್ಲ. ನೀರು ಹಾಕಿ, ಕಲ್ಲು ಹಾಕಿ, ಇಪ್ಪತ್ತೈದು ವರ್ಷ ಹೀಗೇ ಇರುತ್ತೆ. ಒಂಚೂರೂ ಬದಲಾಗಲ್ಲ."

ಇಪ್ಪತ್ತೈದು ವರ್ಷ ಅತ್ತಿಗೆಯ ನೆಲದ ಮೇಲೆ ಓಡಾಡುವುದು. ಅವಳು ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಸೀದಾ ಮೆಟ್ಟಿಲ ಬಳಿ ಹೋಗಿ ಕೆಳಗೆ ಬಗ್ಗಿ ನೋಡಿದಳು. ಕೆಳಮನೆಯ ಬಾಗಿಲ ಬಳಿ ಏನೂ ಇರಲಿಲ್ಲ.

"ನನ್ನ ಚಾಪೆ ಎಲ್ಲಿ?"

"ನಮ್ಮ ಹಾಲ್‌ಗೆ ಹಾಸ್ಕೊಂಡೆ" ಎಂದರು ಅತ್ತಿಗೆ ಹಿಂದಿನಿಂದ. "ನೀನೇ ಬೇಡ ಅಂತ ಎಸೆದೆಯಲ್ಲ. ಅಳತೆ ಮಾಡಿ ತಂದ ಹಾಗೆ ಕೂತಿದೆ. ನೀಲಿ ಅಂಚು ಎಷ್ಟು ಲಕ್ಷಣವಾಗಿದೆ ಕಣೇ. ಈ ಮನೇಲಿ ಅಂಥ ಕಣ್ಣು ಯಾರಿಗಿತ್ತು? ಯಾರು ಆರಿಸಿದ್ದು ಅದನ್ನ?"

ಅವಳು ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಳು.

"ನಾನೇ" ಎಂದಳು.