ಹಲಗೆ ಕೇಳಿದವರಿಗೆ ಕಲ್ಲು

ಸರ್ಕಾರ ಕಲೆಗೆ ಸಹಾಯ ಮಾಡಲು ಹೊರಟಿತೆಂದರೆ ಕಲಾವಿದ ಹುಷಾರಾಗಿರಬೇಕು. ನಾನು ಪುರಸಭೆಯ ಗುಮಾಸ್ತ. ಬಿಡುವಿನಲ್ಲಿ ಬಯಲಾಟದ ಸಾರಥಿ, ಅಂದರೆ ರಂಗಕ್ಕೆ ಬಂದವರನ್ನೆಲ್ಲ ‘ತಾವು ಯಾರು?’ ಎಂದು ಕೇಳುವವನು. ಹೀಗಾಗಿ ಎರಡೂ ಕಡೆಯ ತಮಾಷೆ ನನ್ನ ಪಾಲಿಗೇ ಬರುತ್ತಿತ್ತು.

ವಾಡಿಗೂ ಚಿತ್ತಾಪುರಕ್ಕೂ ನಡುವಿನ ಸಣ್ಣ ಊರು ನಮ್ಮದು. ನಿಜಾಮನ ಕೊನೆಗಾಲದ ರಜಾಕಾರರ ಗದ್ದಲದಲ್ಲಿ ಯಾರೋ ನಾವು ಕುಣಿಯುವ ಅಟ್ಟದ ಹಲಗೆಗಳನ್ನು ಹೊತ್ತೊಯ್ದು ಒಲೆಗೆ ಹಾಕಿದ್ದರು. ಹೊಸ ಸರ್ಕಾರ ಬಂದ ಮೇಲೆ ಮೇಳದ ಮಾಸ್ತರರು ಹತ್ತು ಹಲಗೆ ಕೊಡಿಸಬೇಕೆಂದು ಅರ್ಜಿ ಹಾಕಿದರು. ಹಲಗೆಯ ಮೇಲೆ ಗೆಜ್ಜೆಕಾಲಿನ ಪೆಟ್ಟು ಕೇಳದಿದ್ದರೆ ಅದು ಆಟವೇ ಅಲ್ಲ ಎನ್ನುವವರು ಅವರು.

೧. ಮಾಳಿಗೆ

ನಮ್ಮ ಕಚೇರಿಯ ಸಾಹೇಬರು ಅರ್ಜಿ ನೋಡಿ ಹೇಳಿದರು: “ನಾಟಕದ ಕಟ್ಟಡಕ್ಕ ಮಾತ್ರ ಮದತ್ ಅದ. ನಿಮ್ಮ ಮಾಳಿಗಿ ಹ್ಯಾಂಗದ?”

“ಬಯಲಾಟರೀ ಸಾಹೇಬ್ರ. ಮ್ಯಾಲ ಬರೇ ಆಕಾಶ. ಮಳಿ ಬಂದ್ರ ತೋಯ್ಸಿಕೋತೀವಿ,” ಎಂದರು ಮಾಸ್ತರರು.

ಸಾಹೇಬರು ನನ್ನತ್ತ ತಿರುಗಿದರು. “ಬರ್ಕೋ. ಮಾಳಿಗಿ ಸೋರಲಿಕತ್ತದ. ಮರಮ್ಮತ್ ಆಗಬೇಕು.”

ಬರೆದೆ. ಆಕಾಶದ ದುರಸ್ತಿಗೆ ಕಾಗದ ಬರೆದ ಗುಮಾಸ್ತ ನಿಜಾಮನ ಕಾಲದಲ್ಲೂ ಇದ್ದಿರಲಾರ.

೨. ತಪಾಸಣೆ

ಮೇಳ ನಿಜವಾಗಿ ಇದೆಯೋ ಇಲ್ಲವೋ ನೋಡಬೇಕಲ್ಲ? ಕಚೇರಿಯ ಮಹಡಿಯಲ್ಲೇ ಕುಣಿದು ತೋರಿಸಿ ಎಂದರು ಸಾಹೇಬರು. ಅದು ಹಳೆಯ ಕಟ್ಟಿಗೆಯ ಮಹಡಿ. ಎಷ್ಟೋ ದಿನಗಳ ಮೇಲೆ ಹಲಗೆ ಸಿಕ್ಕ ಖುಷಿಗೆ ಮಾಸ್ತರರು ಒದ್ದ ಒದೆತಕ್ಕೆ ಮಸಿಕುಡಿಕೆ ಉರುಳಿತು, ಕೆಳಗೆ ಕೂತಿದ್ದ ಜವಾನನ ತಲೆಯ ಮೇಲೆ ಗಾರೆ ಉದುರಿತು.

ಸಾಹೇಬರು ವರದಿ ಹೇಳಿ ಬರೆಸಿದರು: ‘ಕಲೆ ಇದೆ. ಅಪಾಯಕಾರಿಯಾಗಿದೆ. ರಂಗಮಂದಿರ ಕಟ್ಟಿಸಿ, ನೆಲಕ್ಕೆ ಶಹಾಬಾದಿ ಕಲ್ಲನ್ನೇ ಹಾಕಬೇಕು.’

ಮಾಸ್ತರರು ಕೈ ಮುಗಿದರು. “ಕಲ್ಲಿನ ಮ್ಯಾಲ ಹೆಜ್ಜಿ ಕೇಳಂಗಿಲ್ರೀ.”

“ಕೇಳಬಾರದಂತನೇ ಕಲ್ಲು,” ಎಂದರು ಸಾಹೇಬರು.

೩. ಬಾಗಿಲು

ಕಟ್ಟಡ ಎದ್ದಿತು. ಬಣ್ಣದ ಕೋಣೆಯಿಂದ ರಂಗಕ್ಕೆ ಬರುವ ಬಾಗಿಲನ್ನು ಗುತ್ತಿಗೆದಾರ ಕಚೇರಿಯ ಉಗ್ರಾಣದ ಗಿಡ್ಡ ಬಾಗಿಲಿನ ಅಳತೆಗೇ ಇಟ್ಟಿದ್ದ. ಮಾಸ್ತರರದು ರಾಜನ ಪಾತ್ರ. ಅವರ ಕಿರೀಟವೇ ಮೊಳದುದ್ದ. ಅಪ್ಪನ ಕಾಲದ್ದು, ರಜಾಕಾರರ ಕಣ್ಣಿಗೆ ಬೀಳದಂತೆ ಜೋಳದ ಹಗೇವಿನಲ್ಲಿ ಹೂತಿಟ್ಟು ಉಳಿಸಿದ್ದು. ಒಮ್ಮೆ ಕಟ್ಟಿದರೆ ಮಂಗಳಾರತಿಯ ತನಕ ಬಿಚ್ಚುವಂತಿಲ್ಲ, ರಾಜವೇಷ ತಲೆ ಬಾಗಿಸಿ ರಂಗಕ್ಕೆ ಬರುವಂತಿಲ್ಲ. ಇದು ನಮ್ಮ ಮೇಳದ ಕಟ್ಟುಪಾಡು.

“ಬಾಗಿಲಾ ಸ್ವಲ್ಪ ಎತ್ತರ ಮಾಡಿಸ್ರೀ,” ಎಂದು ಮಾಸ್ತರರು ಬೇಡಿಕೊಂಡರು.

“ಬಾಗಿಲಾ ಒಡೀಲಿಕ್ಕೆ ಹೈದರಾಬಾದಿಂದ ಮಂಜೂರಿ ಬರಬೇಕು,” ಎಂದರು ಸಾಹೇಬರು. “ಕಿರೀಟ ಕೊಯ್ಯಲಿಕ್ಕೆ ಯಾರ ಮಂಜೂರಿನೂ ಬ್ಯಾಡ. ಇವತ್ತೇ ಕೊಯ್ಸರಿ.”

೪. ಉದ್ಘಾಟನೆ

ಹಾಡುಹಗಲಲ್ಲಿ ಉದ್ಘಾಟನೆ. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡ ಸಾಹೇಬರು, ಹಿಂದೆ ಊರಿಗೆ ಊರೇ. ಮಾಸ್ತರರು ಕಿರೀಟ ಕೊಯ್ಯಿಸಿರಲಿಲ್ಲ. ಮದ್ದಳೆಗೆ ಪೆಟ್ಟು ಬಿತ್ತು. ಬಾಗಿಲಲ್ಲಿ ಅವರು ಒಂದು ಗಳಿಗೆ ನಿಂತರು. ಆಮೇಲೆ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಹೆಚ್ಚುಕಡಿಮೆ ತೆವಳಿಕೊಂಡು ರಂಗಕ್ಕೆ ಬಂದರು. ನೆಟ್ಟಗಾಗಿ ಕಾಲು ಅಪ್ಪಳಿಸಿದರು. ಸದ್ದೇ ಇಲ್ಲ. ಇನ್ನೊಮ್ಮೆ ಅಪ್ಪಳಿಸಿದರು. ಆ ಅರ್ಜಿಗೆ ‘ಮಾಳಿಗೆ’ ಬರೆದ ಕೈ ನನ್ನದೇ.

ಆದರೂ ರೂಢಿ ಬಿಡುತ್ತದೆಯೇ? ಕೇಳಿಯೇ ಬಿಟ್ಟೆ: “ಭಲೇ! ಈ ರಂಗಸ್ಥಳಕ್ಕೆ ಬಂದಂಥ ತಾವು ಯಾರು?”

ಮಾಸ್ತರರು ಬಾಗಿಲನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದರು.

“ಸಾರಥಿ, ಆ ಬಾಗಿಲಾ ದಾಟೂತನಕ ಐವತ್ತಾರು ದೇಶದ ಅರಸ ಇದ್ದೆ. ದಾಟಿದ ಮ್ಯಾಲ ಅರ್ಜಿದಾರ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸಾಹೇಬರೇ. ಎದ್ದು ನಿಂತು ಕೂಗಿದರು:

“ವಾಹ್! ಭಾಳ ಚಂದ ಬಗ್ಗಿದ್ರಿ ಮಾಸ್ತರ! ತಾಲೂಕಿನ ತುಂಬ ಇಂಥಾವೇ ಬಾಗಿಲಾ ಇಡಿಸ್ತೀನಿ!”