ನನ್ನ ಶಾಲು ಮತ್ತು ಬೆಂಗರೆಯ ದೋಣಿ

ಬಂಟ್ವಾಳದಿಂದ ಮಂಗಳೂರಿನ ಹಳೇ ಬಂದರಿಗೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ತುಂಬಿದ ಓಡವನ್ನು ಒಂದೇ ಕೈಯಲ್ಲಿ ದೂಡಿಕೊಂಡು ಹೋದವನು ನಾನು. ಒಂದು ಕೈಯಲ್ಲಿ ನೀರಿಗೆ ಊರಿ ದೂಡುವ ಬಿದಿರಿನ ಜಲ್ಲೆ, ಇನ್ನೊಂದು ಕೈಯಲ್ಲಿ ಗಂಜಿಯ ಬಟ್ಟಲು. ದಾರಿಯಲ್ಲಿ ತುಂಬೆ ಊರಿನ ಹತ್ತಿರ ಮೊಸಳೆಯೊಂದು ಅಡ್ಡ ಬಂದಾಗ ಗಂಜಿ ಚೆಲ್ಲದ ಹಾಗೆ ಅದರ ಮೂತಿಗೆ ಜಲ್ಲೆಯಿಂದ ಕುಟ್ಟಿದೆ. ಕಂಡವರು ಓಡದಲ್ಲಿದ್ದವರು. ಅವರೆಲ್ಲ ತೀರಿಕೊಂಡರು. ಮೊಸಳೆಯೂ ಈಗ ಇರಲಿಕ್ಕಿಲ್ಲ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಅಂಗಡಿಗಳ ಬೋರ್ಡು ನೋಡಿ. ಇದರಲ್ಲಿ ತಪ್ಪಿದ್ದರೆ ಅದು ಅಂಗಡಿಯವರದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಅಭ್ಯಾಸ. ಕಷ್ಟ ಏನೆಂದರೆ, ನಾನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬ ಅದನ್ನು ನಂಬಿಬಿಡುತ್ತಾನೆ. ಅಲ್ಲಿಂದ ನನಗೆ ಉಪದ್ರ ಶುರು.

ಖಾಲಿ ಹೆಗಲು

ಈ ಸಲ ನಂಬಿದವನು ನಮ್ಮೂರ ಯುವಕ ಮಂಡಲದ ಕಾರ್ಯದರ್ಶಿ. ಮಳೆಗಾಲದಲ್ಲಿ ನೇತ್ರಾವತಿ ಹೇಳದೆ ಕೇಳದೆ ಪೇಟೆಯೊಳಗೆ ಬರುತ್ತಾಳಲ್ಲ, ಆಗ ಜನರನ್ನು ದಾಟಿಸಲಿಕ್ಕೆಂದು ಮಂಡಲದವರು ಹೊಸ ದೋಣಿ ತಂದಿದ್ದರು. ಅದನ್ನು ನೀರಿಗಿಳಿಸುವ ದಿನ ಊರಿನ ಹಳೇ ಓಡದವರಿಗೆ ಸನ್ಮಾನ. ಹಳೇ ಓಡದವರು ಎಂದರೆ ಉಳಿದದ್ದು ನಾನೊಬ್ಬನೇ ಎಂದು ನಾನೇ ಹೇಳಿದ್ದೆ.

ನಮ್ಮ ಕಡೆ ಸನ್ಮಾನ ಎಂದರೆ ಶಾಲು, ಹಣ್ಣಿನ ಬುಟ್ಟಿ, ತಲೆಗೆ ಪೇಟ. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಹುಡುಕಿದರೂ ಶಾಲು ಹೊದೆಯದ ಹೆಗಲು ಸಿಗುವುದು ಕಷ್ಟ. ಅಡುಗೆಯವರಿಗೆ ಆಗಿದೆ, ಶಾಮಿಯಾನದವನಿಗೆ ಆಗಿದೆ, ಸನ್ಮಾನಕ್ಕೆ ಮೈಕು ಕಟ್ಟಲು ಬಂದವನಿಗೂ ಒಮ್ಮೆ ಆಗಿದೆ. ನನಗೆ ಇಲ್ಲ. ಯಾವ ಸಭೆಗೆ ಹೋದರೂ ಚಪ್ಪಾಳೆ ತಟ್ಟುವ ಕೆಲಸವೇ ನನ್ನದು. ಈ ಶಾಲು ತಪ್ಪಿದರೆ ಇನ್ನು ನನಗೆ ಹೊದೆಸುವುದು ಬಿಳಿ ಬಟ್ಟೆಯೇ.

ಕಾರ್ಯದರ್ಶಿ ಹೇಳಿದ, "ಅಜ್ಜ, ಸಭೆಯಲ್ಲಿ ತೋರಿಸಲಿಕ್ಕೆ ಒಂದು ವಿಡಿಯೋ ಬೇಕು. ನೀವು ದೋಣಿಯಲ್ಲಿ ನಿಂತು ಹಳೇ ಬಂದರಿಗೆ ಬರುವ ಹಾಗೆ. ಬೆಂಗರೆಗೆ ಹೋಗುವ."

ಬೆಂಗರೆ ಎಂದರೆ ಹೊಳೆಗೂ ಸಮುದ್ರಕ್ಕೂ ನಡುವೆ ನಾಲಗೆಯ ಹಾಗೆ ಚಾಚಿಕೊಂಡ ಹೊಯಿಗೆಯ ನೆಲ, ಬರೀ ಮರಳು. ಅಲ್ಲಿ ದೋಣಿ ಹತ್ತಿದರೆ, ಬಾಯಿಯ ಎಲೆಅಡಿಕೆ ಹದವಾಗುವುದರೊಳಗೆ ಎದುರಿನ ಬಂದರು. ಆದರೆ ನಾವು ಬಂಟ್ವಾಳದಿಂದ ಹೊರಟವರು. ಬಸ್ಸು ಹತ್ತಿದರೆ ನೆಟ್ಟಗೆ ಮಂಗಳೂರು. ಹಾಗಲ್ಲವಂತೆ. ನೀರಿನ ಮೇಲಿಂದಲೇ ಬರಬೇಕಂತೆ. ಮೇ ತಿಂಗಳ ಬಿಸಿಲಲ್ಲಿ ಮಂಗಳೂರಿಗೆ ಬರಲಿಕ್ಕೆಂದು ನಾವು ಮಂಗಳೂರನ್ನು ದಾಟಿ ಆಚೆ ಹೋದೆವು.

ಹಲಸಿನ ಹಣ್ಣಿನ ಜೀವ

ನನ್ನ ಹೆಂಡತಿಯೂ ಹೊರಟಳು. ಬರುವುದು ಬೇಡ ಎಂದು ನಾನು ಎಷ್ಟು ಹೇಳಿದೆ! "ಬಂದರಿನವರೆಗೆ ಹೋಗಿ ನಿಮ್ಮ ಅಕ್ಕನ ಮನೆಗೆ ಹೋಗದಿದ್ದರೆ ಆಗ್ತದಾ?" ಎಂದಳು. ನನ್ನ ಅಕ್ಕನನ್ನು ಮದುವೆ ಮಾಡಿ ಕೊಟ್ಟದ್ದು ಬಂದರಿನ ಹಿಂದಿನ ಓಣಿಗೆ. ವಯಸ್ಸಾಗಿದೆ, ಕಿವಿ ಮಂದ, ನೆನಪು ಹೋಗಿದೆ, ಸುಮ್ಮನೆ ತೊಂದರೆ ಎಂದೆ. ಹೆಂಡತಿ ಕೇಳಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಹಲಸಿನ ಹಣ್ಣನ್ನೂ ಹೊರಿಸಿದಳು.

ಬೆಂಗರೆಯಲ್ಲಿ ದೋಣಿಯವನು ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟ. ನಾನು ಬೇಡ ಎಂದೆ. "ಓಡದಲ್ಲೇ ಬೆಳೆದವನಿಗೆ ಎಂತದು ಇದು?"

"ಅಜ್ಜ, ಹಾಕ್ತೀರಾ, ಇಳೀತೀರಾ?"

ಹಾಕಿಕೊಂಡೆ. ಕೈ ಹಾಕಬೇಕಾದಲ್ಲಿ ತಲೆ ಹಾಕಿದ್ದೆನಂತೆ. ಕಾರ್ಯದರ್ಶಿ ಬಿಡಿಸುವಾಗ ಪಕ್ಕದಲ್ಲಿ ಹೆಂಡತಿ ತನ್ನ ಜಾಕೆಟನ್ನು ಬಿಚ್ಚಿ ಹಲಸಿನ ಹಣ್ಣಿಗೆ ತೊಡಿಸಿ ಬೆಲ್ಟು ಬಿಗಿಯುತ್ತಿದ್ದಳು.

"ಅದು ಹಣ್ಣು ಮಾರಾಯ್ತಿ!"

"ಅತ್ತಿಗೆಗೆ ಕೊಡಬೇಕಾದದ್ದು. ನಾನು ಮುಳುಗಿದರೆ ನೀವು ಹಾರ್ತೀರಿ. ಅದಕ್ಕೆ ಯಾರು ಹಾರ್ತಾರೆ?"

ದೋಣಿಯವನು ಅವಳಿಗೆ ಇನ್ನೊಂದು ಜಾಕೆಟ್ ತಂದು ಕೊಟ್ಟ. ಆಮೇಲೆ ವಿಡಿಯೋ ನೋಡಿದೆ. ಯಾರು ಕಂಡರೂ ಓಡದ ಯಜಮಾನ ಆ ಹಲಸಿನ ಹಣ್ಣೇ ಎಂದು ಹೇಳಬೇಕು. ಅಷ್ಟು ಗಂಭೀರವಾಗಿ ಕೂತಿತ್ತು.

ಜಲ್ಲೆಯ ಪ್ರತಾಪ

"ಅಜ್ಜ, ಜಲ್ಲೆ ಹಿಡಿಯಿರಿ," ಎಂದ ಕಾರ್ಯದರ್ಶಿ. ಇಂಜಿನಿನ ದೋಣಿಗೆ ಎಲ್ಲಿಯ ಜಲ್ಲೆ? ದೋಣಿಯವನಲ್ಲಿ ಬೇಡಿ, ದಡದಲ್ಲಿ ಬಲೆ ಒಣಗಿಸಲು ಕಟ್ಟಿದ್ದ ಒಂದು ಬಿದಿರನ್ನು ಬಿಚ್ಚಿಸಿ ತಂದ. ನಾನು ನಿಂತು, ಕಚ್ಚೆ ಬಿಗಿದು, ದಡದ ಹತ್ತಿರದ ಕೆಸರಿಗೆ ಊರಿದೆ. ಹೇಗೆ ಊರಿದೆ ಅಂದರೆ ಹೊಳೆಯೇ ಒಮ್ಮೆ ನಡುಗಿತು. ಆಗಲೇ ಆ ಬುದ್ಧಿ ಇಲ್ಲದವನು ಇಂಜಿನು ಶುರು ಮಾಡಿದ. ದೋಣಿ ಮುಂದೆ ಹೋಯಿತು, ಜಲ್ಲೆ ಹೋಗಲಿಲ್ಲ.

ಆ ಹೊತ್ತಿಗೆ ಜಲ್ಲೆ ಬಿಡುವುದೋ ದೋಣಿ ಬಿಡುವುದೋ ಎಂದು ತೀರ್ಮಾನಿಸಲು ಅನುಭವ ಬೇಕು. ನಾನು ಜಲ್ಲೆ ಬಿಟ್ಟೆ.

"ಓಡದವರು ಜಲ್ಲೆ ಬಿಡಬಾರದು ಅಂತ ನೀವೇ ಹೇಳಿದ್ದಲ್ವಾ?" ಎಂದ ಕಾರ್ಯದರ್ಶಿ.

"ಬಿಟ್ಟದ್ದಲ್ಲ ಮಾರಾಯ, ನೆಟ್ಟದ್ದು. ಮರಳಿ ಬರುವಾಗ ಗುರುತಿಗೆ."

ಯಾರ ನೀರು

ನಡು ಹೊಳೆಗೆ ಬಂದಾಗ ಕಾರ್ಯದರ್ಶಿ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. "ಎರಡು ಮಾತು ಹೇಳಿ ಅಜ್ಜ, ಮನಸ್ಸು ಮುಟ್ಟುವ ಹಾಗೆ."

ನಾನು ನೀರಿಗೆ ಕೈ ಇಳಿಸಿ, ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡೆ. "ನೇತ್ರಾವತಿ ತಾಯಿ! ನನ್ನನ್ನು ಸಾಕಿದವಳು. ಕಣ್ಣು ಕಟ್ಟಿ ಬಿಟ್ಟರೂ ಈ ನೀರಿನ ಗುರುತು ನನಗೆ ಸಿಗ್ತದೆ."

ಚುಕ್ಕಾಣಿ ಹಿಡಿದಿದ್ದ ದೋಣಿಯವನು ತಿರುಗಿಯೂ ನೋಡದೆ ಹೇಳಿದ, "ಇದು ಗುರುಪುರ ಹೊಳೆ ಅಜ್ಜ. ನೇತ್ರಾವತಿ ಬರುವುದು ಆಚೆ, ಸಮುದ್ರ ಸೇರುವ ಅಳಿವೆಯ ಹತ್ತಿರ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಹೆದರಲಿಲ್ಲ. "ಎರಡೂ ಅಲ್ಲಿ ಹೋಗಿ ಒಂದೇ ಆಗುವುದಲ್ವಾ? ನಾನು ಸ್ವಲ್ಪ ಮುಂಚೆ ಕೈ ಮುಗಿದೆ, ಅಷ್ಟೆ."

ಅಕ್ಕನ ನೆನಪು

ಹಳೇ ಬಂದರು ಮೊದಲಿನ ಹಾಗೇ ಉಂಟು. ಹಂಚಿನ ಮಾಡಿನ ಗೋದಾಮುಗಳು, ಮೆಣಸಿನ ಘಾಟು, ಅದರ ಮೇಲೆ ಒಣಮೀನಿನ ವಾಸನೆ. ಅರಬರು, ಪೋರ್ಚುಗೀಸರು ಹಡಗು ತಂದ ಜಾಗ. ಆ ಪೋರ್ಚುಗೀಸರಿಗೆ ಕಾಳುಮೆಣಸು ಅಳೆದು ಕೊಟ್ಟದ್ದು ನಮ್ಮ ಮನೆತನದವರೇ ಎಂದು ಹೇಳುತ್ತಾ ನಾನು ಇಬ್ಬರನ್ನೂ ಓಣಿಯಿಂದ ಓಣಿಗೆ ತಿರುಗಿಸಿದೆ. ಊಟದ ಹೊತ್ತು ಮೀರಿದರೆ ಅಕ್ಕ ಮಲಗಿರುತ್ತಾಳೆ ಎಂಬ ಲೆಕ್ಕ. ಆದರೆ ಅವಳು ಜಗಲಿಯಲ್ಲೇ ಕೂತಿದ್ದಳು. ಕಿವಿ ಚೆನ್ನಾಗಿಯೇ ಇತ್ತು. ಬೆಲ್ಲ ನೀರು ಕೊಟ್ಟಳು, ಹಲಸಿನ ಹಣ್ಣನ್ನು ತಟ್ಟಿ ನೋಡಿದಳು.

ಕಾರ್ಯದರ್ಶಿ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದು, "ಅಜ್ಜಿ, ನಿಮ್ಮ ತಮ್ಮ ಓಡ ದೂಡ್ತಿದ್ದ ಕಾಲದ್ದು ಒಂದು ಹೇಳಿ," ಎಂದ.

ನಾನು ಕೆಮ್ಮಿದೆ. ಕಣ್ಣು ಮಿಟುಕಿಸಿದೆ.

"ಇವನಾ?" ಅಕ್ಕ ನಕ್ಕಳು. ಬಾಯಲ್ಲಿ ಹಲ್ಲಿಲ್ಲ, ಆದರೂ ಆ ನಗುವಿಗೆ ಕಚ್ಚಲಿಕ್ಕೆ ಬರುತ್ತದೆ. "ಓಡ ದೂಡಿದ್ದು ಅಪ್ಪ. ಅಪ್ಪನಿಗೆ ಜ್ವರ ಬಂದರೆ ನಾನು. ಇವನನ್ನು ಅಕ್ಕಿಮುಡಿಗೆ ಕಟ್ಟಿ ಹಾಕ್ತಿದ್ದೆವು. ಹೊರಟ ಕೂಡಲೇ ಪಾಣೆಮಂಗಳೂರಿನಲ್ಲಿ ಅಳಲಿಕ್ಕೆ ಶುರು ಮಾಡಿದರೆ ಬಂದರು ಕಂಡ ಮೇಲೆಯೇ ನಿಲ್ಲಿಸುವುದು. ವಾಂತಿ ಬೇರೆ. ಅಕ್ಕಿ ಹಾಳಾಗ್ತದೆ ಅಂತ ಅಪ್ಪ ಕಡೆಗೆ ಮನೆಯಲ್ಲೇ ಬಿಟ್ಟು ಬರ್ತಿದ್ದರು."

"ಮತ್ತೆ ತುಂಬೆಯ ಮೊಸಳೆ?" ಎಂದ ಕಾರ್ಯದರ್ಶಿ.

"ಎಂತ ಮೊಸಳೆ? ತೇಲಿಕೊಂಡು ಬಂದ ಮರದ ಕೊರಡು. ಜಲ್ಲೆಯಿಂದ ಸರಿಸಿದ್ದು ನಾನು. ಇವನು ಕಣ್ಣು ಮುಚ್ಚಿ ನನ್ನ ಲಂಗ ಹಿಡ್ಕೊಂಡಿದ್ದ."

ಕಾರ್ಯದರ್ಶಿಯ ಮೊಬೈಲು ನನ್ನ ಮುಖದಿಂದ ಮೆಲ್ಲ ಹೊರಳಿ ಅಕ್ಕನ ಕಡೆ ತಿರುಗಿತು. ಅದು ಮತ್ತೆ ನನ್ನ ಕಡೆ ಬರಲೇ ಇಲ್ಲ. "ಅಜ್ಜಿ, ಮುಂದಿನ ಭಾನುವಾರ ಬಂಟ್ವಾಳಕ್ಕೆ ಬರಬೇಕು. ಕಾರು ಕಳಿಸ್ತೇವೆ."

"ಎಂತಕ್ಕೆ?"

"ಒಂದು ಶಾಲು ಹೊದೆಸಲಿಕ್ಕೆ ಉಂಟು."

ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಓಡದಲ್ಲಿದ್ದವರೆಲ್ಲ ತೀರಿಕೊಂಡರು ಅಂತ ಹೇಳಿದ್ದಲ್ವಾ ನೀವು?"

ನಾನು ಹೆಗಲು ಕುಣಿಸಿದೆ. ಶಾಲಿಲ್ಲದ ಹೆಗಲು. ಕುಣಿಸಲಿಕ್ಕೆ ಬಹಳ ಹಗುರ.